ಫರ್ಹೀನ್ ಆಡದ ಮಾತು

“ಖೋ!”

ಭಾಗ್ಯಜ್ಯೋತಿ ಫರ್ಹೀನಳ ಬೆನ್ನು ಮುಟ್ಟಿ ಕೂಗಿದಳು. ಫರ್ಹೀನ್ ಏಳಲಿಲ್ಲ.

“ಖೋ ಅಂದೆ! ಏಳ ಲಗೂನ!”

ಫರ್ಹೀನ್ ಎದ್ದಳು. ಎದ್ದವಳು ಒಂದು ಹೆಜ್ಜೆ ಇಟ್ಟು ತಡವರಿಸಿದಳು. ಅಷ್ಟರಲ್ಲಿ ಪೋತ್ನಾಳದ ತೆಳ್ಳನೆಯ ಹುಡುಗಿ ಕಂಬ ಸುತ್ತಿ ಆಚೆಗೆ ಹಾರಿಬಿಟ್ಟಿದ್ದಳು. ಪುರ್ರ್ ಎಂದು ಸೀಟಿ ಕೂಗಿತು. ಆಟ ಮುಗಿಯಿತು.

ಪೋತ್ನಾಳದ ಮೈದಾನದಲ್ಲಿ ಮಾನ್ವಿಯ ಶಾಲೆ ಖೋ-ಖೋ ಪಂದ್ಯವನ್ನು ಒಂದೇ ಅಂಕದಿಂದ ಸೋತಿತ್ತು.

ಪೋತ್ನಾಳದ ಮಕ್ಕಳು ಊಟದ ತಾಟು ಬಡಿಯುತ್ತ ಕುಣಿಯತೊಡಗಿದರು. ಆ ಸದ್ದು ಭಾಗ್ಯಳ ತಲೆಯೊಳಗೇ ಆದಂತಿತ್ತು. ಟೀಮಿನ ಕ್ಯಾಪ್ಟನ್ ಅವಳು. ಬೆಳಗ್ಗೆ ಮನೆಯಲ್ಲಿ “ಕಪ್ ತರ್ತೀನಿ” ಎಂದು ಹೇಳಿ ಬಂದಿದ್ದಳು. ಮುಖ ಕಾದ ಹಂಚಿನಂತಾಯಿತು. ಫರ್ಹೀನಳ ಎದುರಿಗೆ ಹೋಗಿ ನಿಂತಳು. ಏನು ಹೇಳಬೇಕೆಂದು ಯೋಚಿಸಲೂ ಇಲ್ಲ, ಮಾತು ತಾನಾಗಿಯೇ ಹೊರಬಿತ್ತು.

“ಏ ಕಿವುಡಿ! ಎಷ್ಟು ಸಲ ಒದರಬೇಕು ನಿನಗ? ಕಿವ್ಯಾಗ ಹತ್ತಿ ತುರುಕ್ಕೊಂಡೀಯೇನು? ನಿನ್ನಿಂದನ ಸೋತ್ವಿ! ನಿನ್ನ ಟೀಮಿಗೆ ತಗೊಂಡಿದ್ದ ತಪ್ಪು!”

ಮೊದಲು ನಕ್ಕವನು ಪ್ರಭುರಾಜ. ಹುಡುಗರ ಟೀಮಿನ ಜೊತೆ ಬಂದಿದ್ದ ಅವನು ಇವರದೇ ತರಗತಿಯವನು.

“ಕಿವುಡಿ! ಏ ಕಿವುಡಿ! ಕೇಳಸ್ತೇನು?” ಎಂದು ಫರ್ಹೀನಳ ಕಿವಿಯ ಹತ್ತಿರ ಚಿಟಿಕೆ ಹೊಡೆದ. ಇನ್ನೂ ಕೆಲವರು ನಕ್ಕರು.

ಫರ್ಹೀನಳ ಕಿವಿಗಳು ಕೆಂಪಾದವು. ಅವಳು ಭಾಗ್ಯಳ ಹತ್ತಿರಕ್ಕೆ ಬಂದಳು. ಬಾಯಿ ತೆರೆದಳು.

ಆಗ ಭಾಗ್ಯಳ ಎದೆ ಝಲ್ ಎಂದಿತು. ಫರ್ಹೀನಳಿಗೆ ಏನು ಗೊತ್ತಿದೆ ಎಂಬುದು ಅವಳಿಗೆ ಆಗಲೇ ನೆನಪಾದದ್ದು.

ಭಾಗ್ಯಳ ಅಪ್ಪ ಗದ್ದೆಪ್ಪ ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಮಷಿನ್ ನಡೆಸುತ್ತಿದ್ದ. ಬೇಸಿಗೆ ರಜೆಯಲ್ಲಿ ಒಂದು ಸಂಜೆ ಅಪ್ಪ, ಮಗಳು ಬಜಾರಿನಿಂದ ನಡೆದು ಬರುತ್ತಿದ್ದಾಗ ಹಿಂದಿನಿಂದ ಟ್ರ್ಯಾಕ್ಟರ್ ಬಂತು. ಡ್ರೈವರ್ ಹಾರ್ನ್ ಹೊಡೆದೇ ಹೊಡೆದ. ಅಪ್ಪ ಪಕ್ಕಕ್ಕೆ ಸರಿಯಲೇ ಇಲ್ಲ. ಭಾಗ್ಯ ಅವನ ಕೈ ಹಿಡಿದು ಎಳೆದಳು. ಟ್ರ್ಯಾಕ್ಟರ್ ಮೈಗೆ ತಾಗುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಅಪ್ಪನ ಮುಖ ಬಿಳಿಚಿಕೊಂಡಿತ್ತು.

“ಯಾರಿಗೂ ಹೇಳಬ್ಯಾಡ ಯವ್ವಾ,” ಎಂದಿದ್ದ ಅವನು, ಗೋಡೆಗೆ ಒರಗಿ. “ನಿಮ್ಮವ್ವಗೂ ಹೇಳಬ್ಯಾಡ. ನನಗ ಸರಿಯಾಗಿ ಕೇಳಸವಲ್ದು ಅಂತ ಮಿಲ್ಲಿನಾಗ ಗೊತ್ತಾದ್ರ ಮನಿಗೆ ಕಳಸ್ತಾರ.”

ಭಾಗ್ಯ ಹೇಳಲಿಲ್ಲ. ಆದರೆ ಆ ಮಾತನ್ನು ಇಟ್ಟುಕೊಂಡಿರುವುದು ಸುಲಭವಿರಲಿಲ್ಲ. ಕೊನೆಗೆ ಶಾಲೆಯ ಅಡುಗೆಕೋಣೆಯ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಒಬ್ಬಳಿಗೆ ಮಾತ್ರ ಹೇಳಿದ್ದಳು. ಫರ್ಹೀನಳಿಗೆ.

ಇಲ್ಲಿ, ಎರಡು ಹೆಜ್ಜೆ ದೂರದಲ್ಲಿ ಪ್ರಭುರಾಜ ನಿಂತಿದ್ದಾನೆ. ಅವನ ಅಪ್ಪ ಸಿದ್ರಾಮ ಅದೇ ಮಿಲ್ಲಿನ ಮ್ಯಾನೇಜರ್. ಫರ್ಹೀನ್ ಒಂದು ಮಾತು ಆಡಿದರೆ ಸಾಕು.

ಫರ್ಹೀನ್ ತೆರೆದ ಬಾಯಿಯನ್ನು ಮುಚ್ಚಿದಳು.

“ಭಾಗ್ಯಾ,” ಎಂದಳು. “ಸೋತಿದ್ದಕ್ಕ ನನಗೂ ಬ್ಯಾಸರ ಆಗ್ಯಾದ. ಆದ್ರ ನನ್ನ ಹಂಗ ಕರಿಬ್ಯಾಡ. ಈಗ ನಾ ನಿನ್ನ ಜೋಡಿ ಮಾತಾಡಂಗಿಲ್ಲ.”

ಅಷ್ಟು ಹೇಳಿ ಬೆನ್ನು ತಿರುಗಿಸಿ ನೀರಿನ ಟ್ಯಾಂಕಿನ ಕಡೆಗೆ ನಡೆದಳು. ನಳದ ಕೆಳಗೆ ಬೊಗಸೆಯೊಡ್ಡಿ ಬಹಳ ಹೊತ್ತು ನೀರು ಕುಡಿದಳು. ಮುಖ ತೊಳೆದುಕೊಂಡಳು. ಮತ್ತೆ ನೀರು ಕುಡಿದಳು.

ಊರಿಗೆ ಮರಳಲು ಪಿ.ಟಿ. ಮಾಸ್ತರರಾದ ಜಂಬಣ್ಣ ಸರ್ ಎರಡು ಟಂಟಂ ಆಟೋ ಮಾಡಿದ್ದರು. ಫರ್ಹೀನ್ ಮುಂದೆ ಸರ್ ಪಕ್ಕದಲ್ಲಿ ಕುಳಿತಳು. ಭಾಗ್ಯ ಹಿಂದೆ ಮೂಲೆಯಲ್ಲಿ ಕುಳಿತಳು. ಗ್ರಹಚಾರಕ್ಕೆ ಪ್ರಭುರಾಜನೂ ಇದೇ ಟಂಟಂ ಹತ್ತಿದ. ಅವನಿಗೆ ಸುಮ್ಮನಿರಲು ಆಗಲಿಲ್ಲ.

“ಫರ್ಹೀನ್, ನೀ ಯಾಕ ಸುಮ್ಮನಾದಿ? ತಿರುಗಿ ಬೈಬೇಕಿತ್ತು. ನೀವಿಬ್ಬರೂ ಯಾವಾಗ್ಲೂ ಕೂಡೇ ಇರ್ತೀರಲ್ಲ. ಆಕಿದು ಏನರ ಗೊತ್ತಿದ್ರ ಹೇಳ. ಮಸ್ತ್ ಮಜಾ ಬರ್ತದ.”

ಭಾಗ್ಯ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಏನೂ ಇಲ್ಲ,” ಎಂದಳು ಫರ್ಹೀನ್, ಹಿಂದೆ ತಿರುಗದೆ.

“ಏನರ ಇದ್ದೇ ಇರ್ತದ.”

“ಇಲ್ಲ ಅಂದೆನಲ್ಲ. ಸುಮ್ಮನ ಕೂಡು.”

ಜಂಬಣ್ಣ ಸರ್ ಚೀಲದಿಂದ ಬಾಳೆಹಣ್ಣು ತೆಗೆದು ಎಲ್ಲರಿಗೂ ಹಂಚಿದರು. ಭಾಗ್ಯಳಿಗೆ ಕೊಡುವಾಗ ಅವಳ ಮುಖವನ್ನು ಒಂದು ಕ್ಷಣ ನೋಡಿದರು. ಏನೂ ಕೇಳಲಿಲ್ಲ. “ತಿನ್ನು. ಹಸಿದಿರ್ತಿ,” ಎಂದರು ಅಷ್ಟೇ.

ಅವಳು ತಿನ್ನಲಿಲ್ಲ. ಹೊರಗೆ ರಸ್ತೆಯ ಎರಡೂ ಕಡೆ ಭತ್ತದ ಗದ್ದೆಗಳು ಓಡುತ್ತಿದ್ದವು. ಸಿಟ್ಟು ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಅದು ಇದ್ದ ಜಾಗದಲ್ಲಿ ಈಗ ಬೇರೇನೋ ಕುಳಿತಿತ್ತು, ಭಾರವಾಗಿ. ‘ಎಷ್ಟು ಸಲ ಒದರಬೇಕು ನಿನಗ?’ ಆ ಮಾತನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಮಾನ್ವಿಯ ಮನೆಗಳು ಕಾಣುವ ಹೊತ್ತಿಗೆ ಎಲ್ಲಿ ಎಂದು ನೆನಪಾಯಿತು.

ಮನೆಯಲ್ಲಿ. ಅಪ್ಪನ ಬಾಯಿಂದ.

ಆ ಸಂಜೆ ಅಪ್ಪ ಮಿಲ್ಲಿನಿಂದ ಬಂದಾಗ ಹುಬ್ಬಿನ ಮೇಲೆಲ್ಲ ತೌಡಿನ ಧೂಳಿತ್ತು. ಕೈಕಾಲು ತೊಳೆದು ಊಟಕ್ಕೆ ಕುಳಿತ. ಅವ್ವ ಕರೆಮ್ಮ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದಳು.

“ನಾಳಿ ಹಿರೇಕೊಟ್ನೆಕಲ್ಲಿಗೆ ಹೋಗ್ತೀರೇನ್ರಿ? ಅತ್ತಿ ಫೋನ್ ಮಾಡಿದ್ರು,” ಎಂದಳು ಅವ್ವ.

“ಆಂ?”

“ಅತ್ತಿ ಫೋನ್ ಮಾಡಿದ್ರು ಅಂದೆ.”

“ಬಾಯಾಗ ಏನು ಇಟ್ಕೊಂಡು ಮಾತಾಡ್ತಿ?” ಅಪ್ಪ ಒಮ್ಮೆಲೇ ಒದರಿದ. “ನೆಟ್ಟಗ ಹೇಳಾಕ ಬರಂಗಿಲ್ಲೇನು? ಎಷ್ಟು ಸಲ ಹೇಳಬೇಕು ನಿನಗ?”

ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಅವ್ವ ತಿರುಗಲಿಲ್ಲ.

ಇಂಥ ಹೊತ್ತಿನಲ್ಲಿ ಭಾಗ್ಯ ಯಾವಾಗಲೂ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಇವತ್ತು ಕುಳಿತಲ್ಲೇ ಅಪ್ಪನ ಮುಖ ನೋಡಿದಳು. ಒದರುವುದಕ್ಕಿಂತ ಮುಂಚೆ ಅಪ್ಪ ಅವ್ವನ ಬೆನ್ನನ್ನು ನೋಡಿದ್ದ. ಅವ್ವನ ಬಾಯಿ ಎಲ್ಲಿದೆ ಎಂದು ಹುಡುಕುವವನ ಹಾಗೆ. ಆ ಒಂದು ಕ್ಷಣ ಅಪ್ಪನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಟ್ರ್ಯಾಕ್ಟರ್ ಹಾದುಹೋದಾಗ ಇದ್ದಂಥ ಹೆದರಿಕೆ ಇತ್ತು. ಸಿಟ್ಟು ಬಂದದ್ದು ಆಮೇಲೆ.

ಮೈದಾನದಲ್ಲಿ ತನಗೂ ಹಾಗೇ ಆಯಿತಲ್ಲ ಎಂದುಕೊಂಡಳು ಭಾಗ್ಯ. ಸೀಟಿ ಊದಿದಾಗ ಮೊದಲು ಅಳು ಬಂದಿತ್ತು. ಅಳಬಾರದೆಂದು ಒದರಿದ್ದಳು.

ಮರುದಿನ ಭಾನುವಾರ. ಬೆಳಗ್ಗೆ ಅವಳು ಫರ್ಹೀನಳ ಮನೆಗೆ ಹೋದಳು. ಬಾಗಿಲಲ್ಲಿ ಫರ್ಹೀನಳ ಅಮ್ಮಿ ಹೊಲಿಗೆ ಮಷಿನ್ ತುಳಿಯುತ್ತಿದ್ದರು.

“ಆವೋ ಬೇಟಾ. ಒಳಗ ಅದಾಳ ನೋಡು,” ಎಂದರು. ಅವರ ಮುಖದಲ್ಲಿ ಎಂದಿನ ನಗುವೇ ಇತ್ತು. ಫರ್ಹೀನ್ ಮನೆಯಲ್ಲೂ ಏನೂ ಹೇಳಿಲ್ಲ ಎಂದು ಭಾಗ್ಯಳಿಗೆ ಗೊತ್ತಾಯಿತು.

ಹಿಂದಿನ ಅಂಗಳದಲ್ಲಿ ಫರ್ಹೀನ್ ಪುಂಡಿಪಲ್ಯದ ಕಟ್ಟು ಬಿಚ್ಚಿಕೊಂಡು ಎಲೆ ಬಿಡಿಸುತ್ತ ಕುಳಿತಿದ್ದಳು. ತಲೆ ಎತ್ತಿ ನೋಡಿದಳು. ಮತ್ತೆ ತಗ್ಗಿಸಿದಳು.

“ಫರ್ಹೀನ್.”

“ಹ್ಞೂಂ.”

“ಸಾರಿ.”

ಫರ್ಹೀನ್ ಇನ್ನೆರಡು ಕಡ್ಡಿಯ ಎಲೆ ಕಿತ್ತಳು. “ನನಗ ಇನ್ನಾ ಸಿಟ್ಟದ,” ಎಂದಳು.

ಸಾರಿ ಅಂದರೆ ಪರವಾಗಿಲ್ಲ ಅನ್ನುತ್ತಾರೆ ಎಂದು ಭಾಗ್ಯ ಅಂದುಕೊಂಡಿದ್ದಳು. “ಯಾವಾಗ ಹೋಗ್ತದ?” ಎಂದು ಕೇಳಿದಳು.

“ನನಗೇನು ಗೊತ್ತು? ಕೂಡು. ಎಲಿ ಬಿಡಸು.”

ಭಾಗ್ಯ ಕುಳಿತು ಎಲೆ ಬಿಡಿಸತೊಡಗಿದಳು. ಹುಳಿ ವಾಸನೆ ಕೈಗೆಲ್ಲ ಹತ್ತಿತು. ಹೊರಗೆ ಹೊಲಿಗೆ ಮಷಿನ್ ಕಟಕಟ ಎನ್ನುತ್ತಿತ್ತು. ಅರ್ಧ ಕಟ್ಟು ಮುಗಿದ ಮೇಲೆ ಫರ್ಹೀನ್ ತಾನಾಗಿಯೇ ಮಾತಾಡಿದಳು.

“ನೀ ಖೋ ಅಂದಿದ್ದು ನನಗ ಕೇಳಿಸಿತ್ತು.”

“ಮತ್ತ ಯಾಕ ಏಳ್ಲಿಲ್ಲ?”

“ಕಾಲು ಜೋಮು ಹಿಡಿದಿತ್ತು. ಬಾಳ ಹೊತ್ತಿನಿಂದ ಯಾರೂ ನನಗ ಖೋ ಕೊಟ್ಟಿದ್ದಿಲ್ಲ. ಕೂತು ಕೂತು ಕಾಲು ಅದಾವೋ ಇಲ್ಲೋ ಅನ್ನಂಗ ಆಗಿತ್ತು. ಎದ್ದರ ಮುಗ್ಗರಿಸಿದೆ.”

“ಅದನ್ನ ಹೇಳಬಾರದೇನು?”

“ನೀ ಎಲ್ಲಿ ಕೇಳಿದಿ? ನೀ ಬರೇ ಒದರಿದಿ.”

ಭಾಗ್ಯ ತಲೆ ತಗ್ಗಿಸಿದಳು. ಅವಳು ಒಂದೇ ಒಂದು ಸಲ ‘ಏನಾಯಿತು’ ಎಂದು ಕೇಳಿದ್ದರೆ! ಅಷ್ಟು ಸಣ್ಣ ಪ್ರಶ್ನೆ ಆಗ ಬಾಯಿಗೆ ಬರಲೇ ಇಲ್ಲವಲ್ಲ.

“ನೀ ಯಾಕ ಹೇಳ್ಲಿಲ್ಲ?” ಎಂದಳು ಮೆಲ್ಲಗೆ. “ನಮ್ಮಪ್ಪಂದು. ಪ್ರಭುರಾಜ ಅಲ್ಲೇ ಇದ್ದ.”

ಫರ್ಹೀನ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಬಾಯಿತನಕ ಬಂದಿತ್ತು. ಖರೇನ. ‘ನಾ ಅಲ್ಲ, ನಿಮ್ಮಪ್ಪನೇ ಕಿವುಡ’ ಅಂತ ಒದರಿಬಿಡಬೇಕು, ಎಲ್ಲಾರೂ ನನ್ನ ಬಿಟ್ಟು ನಿನ್ನ ನೋಡಿ ನಗಬೇಕು ಅನಿಸಿತ್ತು.”

“ಮತ್ತ?”

“ನೀ ಅವತ್ತು ಮೆಟ್ಟಿಲ ಮ್ಯಾಲೆ ಹೇಳುವಾಗ ನನ್ನ ಕೈ ಹಿಡ್ಕೊಂಡಿದ್ದಿ. ನಿನ್ನ ಅಂಗೈ ಪೂರಾ ಬೆವತಿತ್ತು. ಅದು ನೆನಪಾತು.” ಫರ್ಹೀನ್ ಒಂದು ಕಡ್ಡಿಯನ್ನು ಎರಡಾಗಿ ಮುರಿದಳು. “ಆದ್ರ ಸಿಟ್ಟು ಎಲ್ಲಿ ಹೋಗ್ತದ? ಅಲ್ಲೇ ನಿಂತಿದ್ರ ಹೇಳೇಬಿಡ್ತಿದ್ದೆ. ಅದಕ್ಕ ನೀರಿನ ಕಡಿ ಓಡಿದೆ. ನೀರು ಕುಡಿಯುವಾಗ ಬಾಯಿ ಖಾಲಿ ಇರಂಗಿಲ್ಲ ನೋಡು.”

ಭಾಗ್ಯಳಿಗೆ ನಗು ಬಂತು. ನಗುತ್ತಿದ್ದಂತೆಯೇ ಕಣ್ಣಿಂದ ನೀರೂ ಬಂತು. ಒರೆಸಿಕೊಳ್ಳಲು ಹೋದರೆ ಕೈಯ ಹುಳಿ ಕಣ್ಣಿಗೆ ಹತ್ತಿ ಇನ್ನಷ್ಟು ಉರಿಯಿತು.

“ಏ, ಅಳಬ್ಯಾಡ ಮಾರಾಯ್ತಿ. ಪಲ್ಯ ಉಪ್ಪಾಗ್ತದ,” ಎಂದಳು ಫರ್ಹೀನ್. ತನ್ನ ಓಢಣಿಯ ತುದಿಯಿಂದ ಅವಳ ಕಣ್ಣು ಒರೆಸಿದಳು.

“ಸಿಟ್ಟು ಹೋತೇನು?”

“ಸ್ವಲ್ಪ ಅದ. ಮಧ್ಯಾಹ್ನಕ್ಕ ಹೋಗ್ತದ.” ಆಮೇಲೆ ಅವಳ ಮುಖ ಗಂಭೀರವಾಯಿತು. “ಭಾಗ್ಯಾ, ನಿಮ್ಮವ್ವಗ ಹೇಳಬೇಕು. ನಿಮ್ಮಪ್ಪ ದಿನಾ ಮಷಿನ್ ಹತ್ರ ನಿಂತಿರ್ತಾರ. ಹಿಂದಿನಿಂದ ಯಾರರ ‘ಕೈ ತಗೀ’ ಅಂತ ಒದರಿದ್ರ ಕೇಳಸಂಗಿಲ್ಲಲ್ಲ. ಅದು ನೆನಪಾದ್ರ ನನಗೂ ಅಂಜಿಕಿ ಬರ್ತದ.”

ಈ ಮಾತು ಭಾಗ್ಯಳಿಗೆ ಹೊಳೆದೇ ಇರಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಅವಳ ಕಣ್ಣ ಮುಂದೆ ಇತ್ತು.

ಮಧ್ಯಾಹ್ನ ಅಪ್ಪ ಊಟಕ್ಕೆ ಕುಳಿತಿದ್ದ. ಭಾಗ್ಯ ಬಡಿಸುತ್ತಿದ್ದಳು.

“ಯಪ್ಪಾ, ಇನ್ನೊಂದು ರೊಟ್ಟಿ ಹಾಕ್ಲೇನು?”

“ಆಂ?”

“ರೊಟ್ಟಿ.”

“ಏನಂತಿ? ಬಾಯಿ ಬಿಟ್ಟು ಮಾತಾಡಾಕ ಏನಾಗ್ಯಾದ ನಿನಗ? ನೀನೂ ನಿಮ್ಮವ್ವನಂಗ ಗೊಣಗಾಕ ಕಲ್ತೀಯೇನು?”

ಅಪ್ಪನ ದನಿಗೆ ತಾಟೇ ನಡುಗಿದಂತಾಯಿತು. ಭಾಗ್ಯಳ ಕಾಲು ಬಚ್ಚಲ ಕಡೆಗೆ ತಿರುಗಿತು. ಕಿವಿ ಬಿಸಿಯಾಯಿತು. ‘ನಿನಗೇ ಕೇಳಂಗಿಲ್ಲ, ನನ್ನ ಯಾಕ ಬೈತಿ’ ಎಂದು ತಿರುಗಿ ಒದರಬೇಕು ಅನ್ನಿಸಿತು. ಬಾಯಿತನಕ ಬಂತು. ಅವಳು ಕೊಡದ ಹತ್ತಿರ ಹೋಗಿ ಒಂದು ಚೊಂಬು ನೀರು ಕುಡಿದಳು. ಗಟಗಟ ಕುಡಿದಳು. ಎದೆಯ ಬಡಿತ ಸ್ವಲ್ಪ ಇಳಿಯಿತು.

ವಾಪಸ್ ಬಂದು ಅಪ್ಪನ ಎದುರಿಗೆ, ತನ್ನ ಮುಖ ಅವನಿಗೆ ಸರಿಯಾಗಿ ಕಾಣುವಂತೆ ಕುಳಿತಳು. ಒಂದೊಂದೇ ಮಾತನ್ನು ನಿಧಾನವಾಗಿ ಹೇಳಿದಳು.

“ಯಪ್ಪಾ, ರೊಟ್ಟಿ ಬೇಕೇನು ಅಂತ ಕೇಳಿದೆ. ನೀ ಒದರಿದ್ರ ನನಗ ಅಂಜಿಕಿ ಆಗ್ತದ. ನಾ ಗೊಣಗಿಲ್ಲ.”

ಅಪ್ಪನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

“ನೀ ಯಾರಿಗೂ ಹೇಳಬ್ಯಾಡ ಅಂದಿದ್ದಿ. ಆದ್ರ ಅದನ್ನ ಇಟ್ಕೊಳ್ಳಾಕ ನನ್ನ ಕೈಲೆ ಆಗವಲ್ದು. ಮಷಿನ್ನಿನಾಗ ನಿನ್ನ ಕೈ ಸಿಕ್ಕರ? ಅವ್ವಗ ಹೇಳಪ್ಪಾ. ನೀನ ಹೇಳು.”

ಅವ್ವ ಒಲೆಯ ಹತ್ತಿರದಿಂದ ಎದ್ದು ಬಂದಳು. “ಏನದು? ಏನು ಹೇಳೂದು?”

“ಏನಿಲ್ಲ!” ಎಂದು ಅಪ್ಪ ಜೋರಾಗಿ ಅಂದ. ಊಟ ಬಿಟ್ಟು ಎದ್ದ. ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕುಳಿತ.

ಕೆಲಸ ಕೆಟ್ಟಿತು ಅಂದುಕೊಂಡಳು ಭಾಗ್ಯ. ಅವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ಭಾಗ್ಯ ಅಂಗಳದ ಕಡೆ ನೋಡಿದಳು. ಅಪ್ಪ ಹೇಳಬೇಕಾದ ಮಾತು ಅದು.

ಅವನ ತಾಟಿನಲ್ಲಿದ್ದ ಸಾರು ಆರಿಹೋಯಿತು. ಆಮೇಲೆ ಅಪ್ಪ ಕಲ್ಲಿನ ಮೇಲಿಂದಲೇ ಕರೆದ, “ಕರೆಮ್ಮಾ, ಇಲ್ಲಿ ಬಾ.”

ಅವ್ವ ಹೋಗಿ ಎದುರಿಗೆ ನಿಂತಳು. ಅಪ್ಪ ನೆಲ ನೋಡುತ್ತ ಹೇಳಿದ. “ಎಡಗಿವಿ ಪೂರಾ ಬಂದ್ ಆದಂಗ ಆಗ್ಯಾದ. ಬಲಗಿವಿ ಅಷ್ಟಿಷ್ಟು ಕೇಳಸ್ತದ. ಮಂದಿ ನಕ್ಕರ ನನ್ನ ನೋಡೇ ನಕ್ಕಂಗ ಅನಸ್ತದ. ನೀನೂ ಬೇಕಂತ ಮೆತ್ತಗ ಮಾತಾಡ್ತಿ ಅಂತ...”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನಾ ಏನು ತಪ್ಪು ಮಾಡೀನಿ ಅಂತ ದಿನಾ ಯೋಚನೆ ಮಾಡಾಕತ್ತಿದ್ದೆ,” ಎಂದಳು. “ನಿಮಗ ನನ್ನ ಮ್ಯಾಲೆ ಮನಸ್ಸಿಲ್ಲ ಅಂತ ತಿಳಕೊಂಡಿದ್ದೆನ್ರಿ.”

ಅಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ಆದರೆ ಅವ್ವನ ಮುಖ ಕಾಣುತ್ತಿತ್ತು. ಅವನು ಅವಳ ಕೈ ಹಿಡಿದು ಕಲ್ಲಿನ ಮೇಲೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಅಂಗಳದಲ್ಲಿ ಅವರಿಬ್ಬರೂ ಹಾಗೆ ಜೊತೆಗೆ ಕುಳಿತದ್ದನ್ನು ಭಾಗ್ಯ ಎಂದೂ ನೋಡಿರಲಿಲ್ಲ.

ಸೋಮವಾರ ಅಪ್ಪ ತಾನೇ ಮ್ಯಾನೇಜರ್ ಸಿದ್ರಾಮನ ಹತ್ತಿರ ಹೋಗಿ ಹೇಳಿದ. ಸಂಜೆ ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು.

“ಬೈದರು,” ಎಂದ ಅಪ್ಪ. “‘ಹುಚ್ಚಾ, ಮೊದಲ ಹೇಳಬಾರದೇನು? ಬೆಲ್ಟಿನಾಗ ಕೈ ಸಿಕ್ಕಿದ್ರ ನಿನ್ನ ಹೆಂಡ್ತಿ ಮಕ್ಕಳಿಗೆ ನಾ ಏನು ಹೇಳಲಿ’ ಅಂದ್ರು. ಮಷಿನ್ ಕಡಿ ಬ್ಯಾಡ, ತೂಕದ ಕಡಿ ನಿಂದ್ರು ಅಂದ್ರು. ಮೊದಲ ಕಿವಿ ತೋರಿಸ್ಕೊಂಡು ಬಾ ಅಂದ್ರು.”

“ಚಲೋ ಆತಲ್ರಿ.”

“ಹ್ಞೂಂ.” ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಆ ಮಷಿನ್ ಎಂದರೆ ಅವನಿಗೆ ಬಹಳ ಪ್ರೀತಿ. ಅದನ್ನು ಬಿಟ್ಟ ಬೇಸರ ಮುಖದಲ್ಲಿ ಕಾಣುತ್ತಿತ್ತು. ಆದರೂ ಸ್ವಲ್ಪ ಹೊತ್ತಿನ ಮೇಲೆ ಅವನೇ ಹೇಳಿದ. “ನಾನ ಹೋಗಿ ಹೇಳಿದ್ದು ಚಲೋ ಆತು. ಬ್ಯಾರೇರ ಬಾಯಿಂದ ಗೊತ್ತಾಗಿದ್ರ, ‘ಗದ್ದೆಪ್ಪ ನಮಗ ಸುಳ್ಳ ಹೇಳಿದ’ ಅಂತಿದ್ರು. ಆಗ ನನ್ನ ಮಾತು ಯಾರು ಕೇಳ್ತಿದ್ರು?”

ಪಾಠ ಓದುತ್ತಿದ್ದ ಭಾಗ್ಯ ಪುಸ್ತಕದಿಂದ ತಲೆ ಎತ್ತಿದಳು. ಫರ್ಹೀನ್ ಅವತ್ತು ಮೈದಾನದಲ್ಲಿ ಒದರಿಬಿಟ್ಟಿದ್ದರೆ ಎಂಬ ಯೋಚನೆ ಬಂತು; ಮತ್ತೆ ಪುಸ್ತಕಕ್ಕೆ ಕಣ್ಣು ಹಾಕಿದರೂ ಸಾಲು ಮುಂದೆ ಹೋಗಲಿಲ್ಲ.

ದಸರಾ ರಜೆಯಲ್ಲಿ ಅಪ್ಪ ರಾಯಚೂರಿನ ದೊಡ್ಡ ಆಸ್ಪತ್ರೆಗೆ ಹೊರಟ. ಅವ್ವನಿಗೆ ಅಂಗನವಾಡಿಯಲ್ಲಿ ಕೆಲಸವಿತ್ತು. “ಡಾಕ್ಟರ್ ಹೇಳಿದ್ದು ನಿಮ್ಮಪ್ಪಗ ಕೇಳಸಂಗಿಲ್ಲ. ನೀ ಹೋಗಿ ಎಲ್ಲಾ ಸರಿಯಾಗಿ ಕೇಳ್ಕೊಂಡು ಬಾ,” ಎಂದು ಭಾಗ್ಯಳನ್ನು ಜೊತೆಗೆ ಕಳಿಸಿದಳು. ಹೇಳಿ ತಾನೇ ನಕ್ಕಳು. ಅಪ್ಪನೂ ನಕ್ಕ.

ಆಸ್ಪತ್ರೆಯಲ್ಲಿ ಅಪ್ಪನನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯೊಳಗೆ ಕೂರಿಸಿದರು. ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿಸಿದಾಗ ಬಟನ್ ಒತ್ತಬೇಕು. ಅಪ್ಪ ಪರೀಕ್ಷೆಗೆ ಕುಳಿತ ಹುಡುಗನ ಹಾಗೆ ಹುಬ್ಬು ಗಂಟಿಕ್ಕಿ ಕುಳಿತಿದ್ದ. ಬಲಗಿವಿಗೆ ಆಗಾಗ ಒತ್ತಿದ. ಎಡಗಿವಿಯ ಸರದಿ ಬಂದಾಗ ಬೆರಳು ಬಟನ್ ಮೇಲೆ ಸುಮ್ಮನೆ ಕಾಯುತ್ತಲೇ ಇತ್ತು. ಹೊರಗೆ ನಿಂತಿದ್ದ ಭಾಗ್ಯ, ಒತ್ತಪ್ಪಾ, ಒತ್ತು, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಡಾಕ್ಟರ್ ರಾಧಾ ಮೇಡಂ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. “ಬಲಗಿವ್ಯಾಗ ಹೊಲಸು ಗಟ್ಟಿಯಾಗಿ ಕೂತಿತ್ತು, ತೆಗೆದೀವಿ. ಅದು ಚಲೋ ಅದ. ಎಡಗಿವಿ ಸಪ್ಪಳದಾಗ ನಿಂತು ನಿಂತು ಹಾಳಾಗ್ಯಾದ. ಮೊದಲಿನಂಗ ಆಗಂಗಿಲ್ಲ. ಅದಕ್ಕ ಕಿವಿಗೆ ಹಾಕೋ ಮಷಿನ್ ಕೊಡ್ತೀವಿ. ಇನ್ನ ಮ್ಯಾಲೆ ಸಪ್ಪಳದ ಹತ್ರ ಹೋಗಬ್ಯಾಡ್ರಿ.” ಭಾಗ್ಯ ಒಂದೊಂದು ಮಾತನ್ನೂ ನೆನಪಿಟ್ಟುಕೊಂಡಳು.

ಬಸ್ ಸ್ಟ್ಯಾಂಡಿಗೆ ಬಂದಾಗ ಅಪ್ಪ ನಿಂತುಬಿಟ್ಟ. ಹಾರ್ನುಗಳು, ಕಂಡಕ್ಟರುಗಳ ಕೂಗು, ಎಲ್ಲೋ ಒಂದು ಮಗುವಿನ ಅಳು. “ಎಷ್ಟು ಗದ್ದಲ ಅದ ನೋಡವಾ,” ಎಂದ. ಅವನ ಮುಖ ಅರಳಿತ್ತು. ಅಲ್ಲಿ ಒಬ್ಬ ಮುದುಕಿ ಸೀತಾಫಲದ ಬುಟ್ಟಿ ಇಟ್ಟುಕೊಂಡಿದ್ದಳು. ಅಪ್ಪ ಒಂದು ಚೀಲ ಕೊಂಡ.

“ಯಪ್ಪಾ, ಇದ್ರಾಗ ಸ್ವಲ್ಪ ಫರ್ಹೀನಗ ಕೊಡ್ಲೇನು?”

“ಕೊಡು. ಯಾಕ?”

ಬಸ್ಸು ಹೊರಟಿತ್ತು. ಭಾಗ್ಯ ಅಪ್ಪನ ಬಲಗಡೆಗೆ ಕುಳಿತಿದ್ದಳು. ಇದನ್ನು ಹೇಗೆ ಹೇಳುವುದು? ಪೆನ್ನು ಕೊಟ್ಟರೆ ಥ್ಯಾಂಕ್ಸ್ ಅನ್ನಬಹುದು. ಲೆಕ್ಕ ಹೇಳಿಕೊಟ್ಟರೆ ಅನ್ನಬಹುದು.

“ಆಕಿ ಒಂದು ಮಾತು ಆಡ್ಲಿಲ್ಲಪ್ಪಾ. ಅದಕ್ಕ,” ಎಂದಳು.

“ಏನು?”

ಅವಳು ಅಪ್ಪನ ಕಿವಿಯ ಹತ್ತಿರಕ್ಕೆ ಬಾಗಿ, “ಆಕಿ ಒಂದು ಮಾತು ಆಡ್ಲಿಲ್ಲ!” ಎಂದು ಜೋರಾಗಿ ಹೇಳಿದಳು.

ಅಪ್ಪ ಕಿವಿ ಹಿಡಿದುಕೊಂಡು ನಕ್ಕ. “ಏ, ಮೆತ್ತಗ ಮಾತಾಡವಾ. ಕೇಳಿಸ್ತು. ತಿಳೀಲಿಲ್ಲ, ಅಷ್ಟ.”

ಭಾಗ್ಯಳೂ ನಕ್ಕಳು. ಆಮೇಲೆ ಮೆತ್ತಗೆ ಎಲ್ಲವನ್ನೂ ಹೇಳಿದಳು. ಮೆಟ್ಟಿಲ ಮೇಲೆ ಫರ್ಹೀನಳಿಗೆ ಗುಟ್ಟು ಹೇಳಿಬಿಟ್ಟದ್ದು, ಪೋತ್ನಾಳದ ಮೈದಾನ, ಅಲ್ಲಿ ತಾನು ಅವಳಿಗೆ ಅಂದದ್ದು, ಪ್ರಭುರಾಜ ನಕ್ಕದ್ದು, ಫರ್ಹೀನ್ ಬಾಯಿ ತೆರೆದು ಮುಚ್ಚಿದ್ದು, ಟಂಟಂನಲ್ಲಿ ‘ಏನೂ ಇಲ್ಲ’ ಎಂದದ್ದು. ತಾನು ಬಳಸಿದ ಕೆಟ್ಟ ಮಾತು ಹೇಳುವಾಗ ಅವಳ ದನಿ ಇನ್ನೂ ಸಣ್ಣದಾಯಿತು. ಆದರೂ ಬಿಡದೆ ಹೇಳಿದಳು. ಕಲ್ಲೂರು ಬಂತು, ಹೋಯಿತು. ಅಪ್ಪ ನಡುವೆ ಒಮ್ಮೆಯೂ ‘ಆಂ?’ ಎನ್ನಲಿಲ್ಲ. ಅವಳ ಮಾತು ಮುಗಿದ ಮೇಲೂ ಮುಂದಿನ ಸೀಟನ್ನು ನೋಡುತ್ತ ಕುಳಿತಿದ್ದ.

ಮಾನ್ವಿಯಲ್ಲಿ ಇಳಿದಾಗ ಅಪ್ಪ ಚೀಲ ಹಿಡಿದು ಬಲಕ್ಕೆ ತಿರುಗಿದ.

“ಯಪ್ಪಾ, ಮನಿ ಈ ಕಡಿ.”

“ಗೊತ್ತದ. ಮನಿಗೆ ಆಮ್ಯಾಲ ಹೋಗಾಣ.”

ಫರ್ಹೀನಳ ಮನೆಯ ಬಾಗಿಲು ಬಡಿದಾಗ ಅವಳೇ ಬಂದು ತೆಗೆದಳು. ಗದ್ದೆಪ್ಪನನ್ನು ನೋಡಿ ಗಾಬರಿಯಾಗಿ ಭಾಗ್ಯಳ ಕಡೆ ಕಣ್ಣು ತಿರುಗಿಸಿದಳು. ಅಪ್ಪ ದಾರಿಯುದ್ದಕ್ಕೂ ಏನೋ ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದಿರಬೇಕು. ಈಗ ಅದರ ಬದಲು ಸೀತಾಫಲದ ಚೀಲವನ್ನು, ಸ್ವಲ್ಪ ಅಲ್ಲ, ಪೂರಾ ಚೀಲವನ್ನೇ ಅವಳ ಕೈಗೆ ಕೊಟ್ಟ.

“ಚಲೋ ಅದೀಯೇನವಾ?” ಎಂದ.

“ಚಲೋ ಅದೀನ್ರಿ ಕಾಕಾ. ಎಲ್ಲಿಗೆ ಹೋಗಿದ್ರಿ?” ಫರ್ಹೀನಳದು ಮೊದಲೇ ಸಣ್ಣ ದನಿ. ಹೆದರಿಕೆಗೆ ಅದು ಇನ್ನೂ ಸಣ್ಣದಾಗಿತ್ತು.

“ರಾಯಚೂರಿಗೆ ಹೋಗಿದ್ವಿ. ಕಿವಿ ತೋರಸಾಕ,” ಎಂದ ಅಪ್ಪ, ಬೀದಿಯಲ್ಲಿ ಹೋಗುವವರಿಗೂ ಕೇಳಿಸುವಂತೆ.

ಫರ್ಹೀನಳ ಭುಜ ಮೆಲ್ಲಗೆ ಸಡಿಲವಾಯಿತು. ಆ ಮಾತನ್ನು ಅವಳೂ ಇಷ್ಟು ದಿನ ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು ಎಂಬುದು ಭಾಗ್ಯಳಿಗೆ ಆಗ ಕಂಡಿತು. ಅವಳು ಹೋಗಿ ಫರ್ಹೀನಳ ಪಕ್ಕದಲ್ಲಿ ನಿಂತು, ಚೀಲದ ಇನ್ನೊಂದು ಹಿಡಿಯನ್ನು ಹಿಡಿದುಕೊಂಡಳು.